ಮುಂಗುಸಿಯೋ ಗರಗಸನೋ

“ಏಳನೇ ಕ್ಲಾಸಲ್ಲೇ ನನಗೆ ಗೊತ್ತಾಗಿತ್ತು, ಇವನಿಗೆ ತಲೆ ಇರೋದು ಬಾಚಿಕೊಳ್ಳೋಕೆ ಮಾತ್ರ ಅಂತ!”

ಮೇಷ್ಟ್ರು ಅದನ್ನು ಮೈಕಿನಲ್ಲೇ ಹೇಳಿದರು. ಪುಸ್ತಕದಂಗಡಿಯ ಮಹಡಿ ಗೊಳ್ಳೆಂದು ನಕ್ಕಿತು. ಅವರ ಬೆರಳು ತೋರಿಸುತ್ತಿದ್ದುದು ಗೋಡೆಗೊರಗಿ ನಿಂತಿದ್ದ ಯುವಕನನ್ನು. ಶಾಲೆಯಲ್ಲಿ ಬಿದ್ದ ಅಡ್ಡಹೆಸರು ಸಿಡುಕ. ಶಾಲೆ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ.

“ಪಠ್ಯಪುಸ್ತಕದಲ್ಲೆಲ್ಲ ಗೀಚಿ ಹಾಳು ಮಾಡ್ತಾನೆ ಅಂತ ನಾನೇ ಕಿವಿ ಹಿಡಿದು ಹೊರಗೆ ಹಾಕಿದ್ದೆ. ಅವತ್ತು ಹೋದೋನು ವಾಪಸು ಬರಲೇ ಇಲ್ಲ. ಈಗ ಗರಗಸನ ಪರ ಮಾತಾಡ್ತಾನಂತೆ. ತಕ್ಕ ವೀರನಿಗೆ ತಕ್ಕ ವಕೀಲ!”

ಸಿಡುಕನ ಕಿವಿ ಇವತ್ತೂ ಕೆಂಪಾಯಿತು, ಯಾರೂ ಹಿಡಿಯದೆಯೇ.

ವಿಷಯ ಇಷ್ಟೇ. ಪ್ರಕಾಶಕಿಯೊಬ್ಬಳು ತಿಂಗಳಿಗೆ ಎರಡು ಚಿತ್ರಕಥೆ ಪುಸ್ತಕಗಳನ್ನು ಹೊರತರುತ್ತಿದ್ದಳು. ಒಂದರ ನಾಯಕ ಮುಂಗುಸಿ. ಮುಖವಾಡ ತೊಟ್ಟು ಕಳ್ಳರನ್ನು ಹಿಡಿದು, ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕಟ್ಟಿಟ್ಟು ಹೋಗುವವನು. ಇನ್ನೊಂದರ ನಾಯಕ ಗರಗಸ. ಅವನಿಗೆ ಮುಖವಾಡವೂ ಬೇಡ, ಪೊಲೀಸರ ಗೊಡವೆಯೂ ಬೇಡ; ಸಿಕ್ಕವರನ್ನು ಸಿಕ್ಕಲ್ಲೇ ಮುಗಿಸುವವನು. ಈಗ ಕಾಗದದ ಬೆಲೆ ಏರಿತ್ತು. ಮುಂದಿನ ತಿಂಗಳಿಂದ ಒಂದೇ ಉಳಿಯುವುದು. ಯಾವುದೆಂದು ಓದುಗರು ಕೈ ಎತ್ತಿ ಹೇಳಬೇಕು. ಸೋತ ವೀರನ ಜೊತೆಗೆ ಅವನ ಕಥೆ, ಚಿತ್ರ ಬರೆಯುವವರ ಅನ್ನಕ್ಕೂ ಕತ್ತರಿ.

“ಒಂದೇ ಷರತ್ತು,” ಎಂದಿದ್ದಳು ಪ್ರಕಾಶಕಿ ಆರಂಭದಲ್ಲೇ. “ಬರೆಯೋರು ತಮ್ಮ ವೀರನ ಪರ ವಾದ ಮಾಡೋ ಹಾಗಿಲ್ಲ. ಮಾಡಿದ್ರೆ ಆ ವೀರ ಆಟದಿಂದ ಹೊರಗೆ.”

ಬರೆಯುವವರ ಹೆಸರು ಮುಖಪುಟದ ಮೇಲೆ ಎಂದೂ ಅಚ್ಚಾಗಿರಲಿಲ್ಲ. ಎಲ್ಲರೂ ಅಕ್ಕಪಕ್ಕದವರನ್ನು ಅನುಮಾನದಿಂದ ನೋಡಿದ್ದರು. ಮುಂದಿನ ಸಾಲಿನ ಬಸ್ ಕಂಡಕ್ಟರ್ ಕೂಗಿದ್ದ: “ಮೇಷ್ಟ್ರೇ, ಮುಂಗುಸಿ ಬರೆಯೋರು ನೀವೇ ಅಲ್ಲ ತಾನೆ?”

ಮೇಷ್ಟ್ರು ನಾಚಿದ್ದರು. “ಛೆ ಛೆ! ಅದನ್ನ ಬರೆಯೋರು ಭಾರೀ ಓದಿಕೊಂಡೋರು. ನಮ್ಮದೆಲ್ಲಿ ಆ ಮಟ್ಟ?”

ಆಮೇಲೆ ಅವರು ಮುಂಗುಸಿಯ ನೈತಿಕತೆಯ ಮೂರು ಆಯಾಮಗಳನ್ನು ವಿವರಿಸಿದ್ದರು. ಎರಡನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲು ಆಕಳಿಸತೊಡಗಿತ್ತು. ಮೂರನೆಯದು ಮುಗಿದಾಗ ಮುಂಗುಸಿಯ ಅಭಿಮಾನಿಗಳೇ ಗಡಿಯಾರ ನೋಡುತ್ತಿದ್ದರು. ಮಹಡಿಯ ತುಂಬ ಒಂದೇ ಪಿಸುಮಾತು: ಗರಗಸ ಗೆದ್ದ ಹಾಗೆಯೇ.

ಸಿಡುಕ ಮೈಕಿನತ್ತ ನಡೆದ. ಪ್ರಕಾಶಕಿ ಹುಬ್ಬೇರಿಸಿದಳು.

“ಯೋಚನೆ ಮಾಡಿದ್ದೀಯಾ?”

“ಮಾಡಿದ್ದೀನಿ.”

“ಆಮೇಲೆ ನನ್ನನ್ನ ಬೈಬೇಡ.”

ಅವನು ಮೈಕನ್ನು ಕತ್ತು ಹಿಸುಕುವ ಹಾಗೆ ಹಿಡಿದ.

“ಗರಗಸ ಓದೋಕೆ ತಾಳ್ಮೆ ಬೇಡ, ಬುದ್ಧಿನೂ ಬೇಡ. ಮೊದಲ ಪುಟದಲ್ಲಿ ಬೈಗುಳ, ಎರಡನೇದರಲ್ಲಿ ಹೆಣ. ಅಕ್ಷರ ಬರದಿದ್ರೂ ನಡೆಯುತ್ತೆ. ಈ ಕಂಡಕ್ಟರ್ ಅಣ್ಣನ್ನೇ ನೋಡಿ. ಬೆಳಗಿಂದ ಸಂಜೆವರೆಗೆ ಕಂಡಕಂಡೋರ ಹತ್ರ ಬೈಸಿಕೊಳ್ತಾನೆ. ತಿರುಗಿ ಒಂದು ಮಾತಾಡೋಕೆ ದಮ್ಮಿಲ್ಲ. ಮನೆಗೆ ಹೋಗಿ ಗರಗಸ ಓದಿ ಮೀಸೆ ತಿರುವ್ತಾನೆ. ಕೈಲಾಗದೋರಿಗೆಲ್ಲ ಗರಗಸನೇ ಗತಿ!”

ಕಂಡಕ್ಟರನ ಮೀಸೆಯ ಮೇಲಿದ್ದ ಕೈ ತಟ್ಟನೆ ಕೆಳಗಿಳಿಯಿತು.

“ಇನ್ನು ಆ ಮುಂಗುಸಿ! ವೀರನಾ ಅವನು? ಗೋಡೆ ಹಾರೋ ಮುಂಚೆ ಮಂಡಿ ಹಿಡ್ಕೊಂಡು ‘ಅಯ್ಯಮ್ಮಾ’ ಅಂತಾನೆ. ಕಳ್ಳನ್ನ ಕಟ್ಟಿಹಾಕಿ, ಹಗ್ಗ ಬಿಗಿಯಾಯ್ತಾ ಅಂತ ಕೇಳ್ತಾನೆ. ಯಾವಾಗ ನೋಡಿದ್ರೂ ಕೈ ಜೇಬಲ್ಲಿ. ಯಾಕೆ? ಬರೆಯೋನಿಗೆ ಬೆರಳು ಬರೆಯೋಕೆ ಬರಲ್ಲ, ಅದಕ್ಕೆ!”

ನಗೆ ಎದ್ದಿತು. ಆಕಳಿಸುತ್ತಿದ್ದ ಹೆಂಗಸೊಬ್ಬಳು ನೆಟ್ಟಗೆ ಕೂತಳು.

“ಹೋದ ತಿಂಗಳ ಕಥೆ ಗೊತ್ತಲ್ಲ? ನಿನ್ನ ಗಂಡ ಜೈಲಲ್ಲಿದ್ದಾನೆ ಅಂತ ಕಳ್ಳನ ಹೆಂಡತಿಗೆ ಹೇಳೋಕೆ ಹೋಗ್ತಾನೆ. ಬಾಗಿಲಲ್ಲಿ ನಿಂತು ಬಾಯೇ ಬರಲ್ಲ. ಮುರಿದ ಕಿಟಕಿ ರಿಪೇರಿ ಮಾಡಿಕೊಟ್ಟು ವಾಪಸು ಬರ್ತಾನೆ. ಥೂ! ಮುಖವಾಡ ಹಾಕೋದೇ ಬೆವರು ಕಾಣದಿರಲಿ ಅಂತ. ಹೆದರುಪುಕ್ಕಲ. ಆದ್ರೂ ದಿನಾ ಹೋಗ್ತಾನೆ. ಹೆದರ್ಕೊಂಡೇ ಹೋಗ್ತಾನೆ. ಅಂಥ ಮೂರ್ಖನ್ನ ಉಳಿಸ್ಬೇಕಾ ನೀವು?”

ಈ ಸಲ ಯಾರೂ ನಗಲಿಲ್ಲ. ಆ ಹೆಂಗಸು ಮೂಗು ಒರೆಸಿಕೊಂಡಳು.

ಪ್ರಕಾಶಕಿ ಕೈ ಎತ್ತಲು ಹೇಳಿದಳು. ಗರಗಸನಿಗೆ ಅಲ್ಲೊಂದು ಇಲ್ಲೊಂದು ಕೈ. ಮುಂಗುಸಿಗೆ ಎತ್ತಿದ ಕೈಗಳಲ್ಲಿ ಕಂಡಕ್ಟರನದೂ ಇತ್ತು.

“ನಾನು ಮೊದಲಿಂದ ಗರಗಸನ ಕಡೆಯೋನೇ,” ಎಂದು ಅವನು ಪಕ್ಕದವನಿಗೆ ಗೊಣಗಿದ. “ಆದ್ರೆ ಆ ನಾಲಿಗೆ ಜೊತೆ ಕೈ ಎತ್ತೋದಾ? ಮಾನ ಹೋಗುತ್ತೆ ಮಾರಾಯ.”

ಮೇಷ್ಟ್ರ ಎದೆ ಉಬ್ಬಿತು. ತಮ್ಮ ಮೂರು ಆಯಾಮಗಳೇ ಗೆದ್ದವೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

“ಏನೋ ಸಿಡುಕ, ನಾಲಿಗೆ ಬಿದ್ದುಹೋಯ್ತಾ? ಈಗಲಾದ್ರೂ ಒಳ್ಳೇದನ್ನ ಓದೋದು ಕಲೀತೀಯಾ?”

ಸಿಡುಕ ಮೈಕನ್ನು ಮೇಜಿನ ಮೇಲಿಟ್ಟು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರನಡೆದ.

“ಹೋಗ್ಲಿ ಬಿಡಮ್ಮ,” ಮೇಷ್ಟ್ರು ಪ್ರಕಾಶಕಿಯ ಕಡೆ ತಿರುಗಿದರು. “ಮುಂಗುಸಿ ಬರೆಯೋ ಆ ಪುಣ್ಯಾತ್ಮರು ಇಲ್ಲೇ ಎಲ್ಲೋ ಇರಬೇಕಲ್ಲ? ಒಂದು ಸಲ ತೋರ್ಸು. ಕಾಲಿಗೆ ಬೀಳ್ತೀನಿ.”

“ಹಾಗಾದ್ರೆ ಬೇಗ ಓಡಿ ಮೇಷ್ಟ್ರೇ,” ಎಂದಳು ಅವಳು, ಬಾಗಿಲ ಕಡೆ ನೋಡುತ್ತಾ. “ಮೆಟ್ಟಿಲು ಇಳೀತಾ ಇದ್ದಾನೆ.”