ಶನಿವಾರದ ಅವಸರ

ಹೇಳಿದ ಹೊತ್ತಿಗೆ ಬರುವವರು ಸೋಫಿಯಾ ನಗರದಲ್ಲಿ ಕಡಿಮೆ. ತಡವಾಯಿತೆಂದು ಅಲ್ಲಿ ಯಾರೂ ಮುಖ ಗಂಟಿಕ್ಕುವುದೂ ಇಲ್ಲ. ಒಗ್ನ್ಯಾನ್ ಮತ್ತು ಅವನ ಎರಡನೆಯ ಹೆಂಡತಿ ಜೋರ್ನಿತ್ಸಾ ತಮ್ಮ ಮದುವೆಗೇ ತಡವಾಗಿ ಹೋದವರು. ಅಂಥವಳು ಈಗ ಪ್ರತಿ ಶನಿವಾರ ಮಧ್ಯಾಹ್ನ ತಲೆ ಬಾಚಿಕೊಂಡು ಗಡಿಬಿಡಿಯಿಂದ ಹೊರಡುತ್ತಿದ್ದಳು.

“ಎಲ್ಲಿಗೆ?”

“ಕಾಫಿಗೆ. ಅಲ್ಲಿಗೆ ಬರೋದು ಕಾಯಿಸಿದ್ರೆ ನೊಂದ್ಕೊಳ್ಳೋ ಜೀವ.”

ಒಗ್ನ್ಯಾನ್‌ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತನಗಾಗಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದವಳನ್ನು ಹೀಗೆ ಓಡಿಸುತ್ತಿರುವ ಗಂಡಸು ಯಾರು? ಎಷ್ಟು ಚೆಲುವನಿರಬೇಕು?

ಮುಂದಿನ ಶನಿವಾರ ಅವಳ ಬೆನ್ನು ಹತ್ತಿದ. ಉದ್ಯಾನದ ಪಕ್ಕದ ಕೆಫೆಯಲ್ಲಿ ಅವಳು ಒಬ್ಬಳೇ ಕುಳಿತಿದ್ದಳು. ಎದುರಿನ ಖಾಲಿ ಕುರ್ಚಿಯನ್ನು ದರದರ ಎಳೆದು ಕುಳಿತ.

“ಬರಲಿ, ಅವನ ಮುಖ ನೋಡಿಯೇ ಹೋಗ್ತೀನಿ.”

“ಕೂಗಾಡ್ಬೇಡ. ನೋಡುವಿಯಂತೆ, ಕೂತಿರು,” ಎಂದಳು ಜೋರ್ನಿತ್ಸಾ, ಬಾಗಿಲಿನಿಂದ ಕಣ್ಣು ಕೀಳದೆ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಬಂದವಳು ಒಗ್ನ್ಯಾನ್‌ನ ಮೊದಲ ಮದುವೆಯ ಮಗಳು. ಅವನೊಡನೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

“ನನಗಿಂತ ಮುಂಚೆ ಬಂದಿದ್ದೀಯಲ್ಲಪ್ಪಾ,” ಎಂದಳು, “ಇದೇ ಮೊದಲ ಸಲ.”