ಇಲ್ಲಿ ಜನ ಬರ್ತಾರೆ

ಟೈಲರಮ್ಮನ ಸೂಜಿ ಮೊದಲು ಕರಿಕೋಟಿನವನ ತೋಳಿನ ಬಟ್ಟೆಗೆ ಇಳಿಯಿತು, ಆಮೇಲೆ ಪಕ್ಕದ ಬೂದುಕೋಟಿನವನ ತೋಳಿನ ಬಟ್ಟೆಗೆ. ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ದಾರ ಗುಂಡಿಗೆ ಹಾಕುವಂಥದ್ದು, ಅಷ್ಟು ಸುಲಭಕ್ಕೆ ಕಿತ್ತುಬರುವುದಿಲ್ಲ.

ಏಳು ವರ್ಷದಿಂದ ದಿನಾ ಎರಡು ಗಂಟೆ ಅವಳು ಈ ರೈಲಿನಲ್ಲಿ ನಿಂತೇ ಹೋಗುತ್ತಿದ್ದಳು. ಕರಿಕೋಟಿನವನು ಪಕ್ಕದ ಸೀಟಿಗೆ ಕರ್ಚೀಫು ಹಾಸಿ, ಮುಂದಿನ ಸ್ಟೇಷನ್ನಿನಲ್ಲಿ ಹತ್ತುವ ಗೆಳೆಯನಿಗೆ ಜಾಗ ಹಿಡಿಯುತ್ತಿದ್ದ. ಕೇಳಿದರೆ ಒಂದೇ ಮಾತು: "ಇಲ್ಲಿ ಜನ ಬರ್ತಾರಮ್ಮ." ಹಾಗಾದರೆ ತಾನೇನು ಮೂಟೆಯೇ? ನಿನ್ನೆ ಡಾಕ್ಟರು ಅವಳ ಕಾಲಿನ ಉಬ್ಬಿದ ನರಗಳನ್ನು ಒತ್ತಿನೋಡಿ, "ಕೂತು ಮಾಡೋ ಕೆಲಸ ನೋಡ್ಕೊಳ್ಳಿ" ಎಂದಿದ್ದರು.

"ಕೆಲಸ ಕೂತೇ ಮಾಡೋದು ಡಾಕ್ಟ್ರೇ. ನಿಲ್ಲೋದು ರೈಲಲ್ಲಿ!"

ಗಂಟು ಬಿಗಿದು ದಾರ ಕತ್ತರಿಸುವಷ್ಟರಲ್ಲಿ ಬೂದುಕೋಟಿನವನ ಸ್ಟೇಷನ್ ಬಂತು. ಅವನು ಗಡಬಡಿಸಿ ಎದ್ದು ಬಾಗಿಲಿಗೆ ಓಡಿದ. ಇನ್ನೂ ಮುಂದೆ ಇಳಿಯಬೇಕಿದ್ದ ಕರಿಕೋಟಿನವನು, "ಬಿಡೋ, ಕೈ ಬಿಡೋ!" ಎಂದು ಅರಚುತ್ತ ಅವನ ಹಿಂದೆಯೇ ಪ್ಲಾಟ್‌ಫಾರ್ಮಿಗೆ ಬಿದ್ದ. ರೈಲು ಹೊರಟಿತು.

"ಅಯ್ಯೋ, ನನ್ನ ಸೀಟು!"

ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದ ಟೈಲರಮ್ಮ, ಅಲ್ಲೇ ಬಿದ್ದಿದ್ದ ಕರ್ಚೀಫನ್ನು ಅವನತ್ತ ಎಸೆದಳು.

"ತಗೊಳ್ಳಪ್ಪ, ಜನ ಬಂದ್ರು."