ಒಳಕ್ಕೆ, ಹೊರಕ್ಕೆ

ಬೆಳಿಗ್ಗೆ ಸೆಕೆ ತಡೆಯಲಾರದೆ ಕಿಟಕಿ ತೆರೆದಿದ್ದ ಸೋರ್ಲಿ, ಮಧ್ಯಾಹ್ನ ನಾಲ್ಕಕ್ಕೆ ಅದೇ ಕೋಣೆಯಲ್ಲಿ ಕೋಟು ತೊಟ್ಟು ಹೀಟರಿನ ಮುಂದೆ ಮಂಡಿಯೂರಿ ಕೂತಿದ್ದ. ಒಳಗೆಲ್ಲ ಇಟ್ಟಿಗೆ ತುಂಬಿದ, ಕಿಟಕಿಯ ಕೆಳಗಿನ ಭಾರದ ಪೆಟ್ಟಿಗೆ ಅದು. ಮೇಲೆ ಎರಡು ಗುಂಡಿ. ಒಂದರ ಪಕ್ಕ 'ಒಳಕ್ಕೆ', ಇನ್ನೊಂದರ ಪಕ್ಕ 'ಹೊರಕ್ಕೆ'. ನಿನ್ನೆ ಸಂಜೆಯೇ ಎರಡನ್ನೂ ಕೊನೆಯ ಅಂಕಿಗೆ ತಿರುಗಿಸಿದ್ದ. ಈಗಲೂ ಎರಡೂ ಅಲ್ಲೇ ಇವೆ. ಪೆಟ್ಟಿಗೆ ಮಾತ್ರ ಕಲ್ಲಿನಂತೆ ತಣ್ಣಗಿದೆ.

ಅವನು ಬೆಳೆದದ್ದು ಸೌದೆಯ ಬದಲು ಒಣಗಿಸಿದ ಜೌಗುಮಣ್ಣಿನ ಹೆಂಟೆ ಉರಿಸುವ ಮನೆಯಲ್ಲಿ. ಚಳಿಯಾದರೆ ಇನ್ನೊಂದು ಹೆಂಟೆ ಒಲೆಗೆ ಎಸೆದರಾಯಿತು. ಈ ಪೆಟ್ಟಿಗೆಗೆ ಏನು ಎಸೆಯಬೇಕು?

ಬಾಗಿಲು ಬಡಿದ ಸದ್ದಾಯಿತು. ಮೋರಾಗ್ ಮಗಳನ್ನು ಕರೆತಂದಿದ್ದಳು. ಗಂಡ ಹೆಂಡತಿ ಬೇರೆಯಾಗಿ ನಾಲ್ಕು ತಿಂಗಳು. ಐನಾ ಅಪ್ಪನ ಬಾಡಿಗೆ ಮನೆಯಲ್ಲಿ ರಾತ್ರಿ ಉಳಿಯಲು ಬಂದದ್ದು ಇದೇ ಮೊದಲು. ಮೋರಾಗ್ ಫೋನಿನಲ್ಲೇ ಹೇಳಿದ್ದಳು: ಮಗುವಿಗೆ ಕೆಮ್ಮು ಈಗಷ್ಟೇ ಬಿಟ್ಟಿದೆ, ಮನೆ ಬೆಚ್ಚಗಿದ್ದರೆ ಬಿಟ್ಟುಹೋಗುತ್ತೇನೆ, ಇಲ್ಲದಿದ್ದರೆ ವಾಪಸ್.

"ಅಪ್ಪಾ, ಮನೆ ಒಳಗೂ ಬಾಯಿಂದ ಹೊಗೆ ಬರ್ತಿದೆ!" ಐನಾಗೆ ಅದೊಂದು ಆಟ.

"ಬೆಳಿಗ್ಗೆ ಕಾದ ಕಾವಲಿ ಥರ ಇತ್ತು ಮೋರಾಗ್. ದೇವರಾಣೆ."

"ಬೆಳಿಗ್ಗೆ ಇದ್ದದ್ದು ಈಗ ಯಾರಿಗೆ ಬೇಕು ಮಾರಾಯ?"

"ಪ್ಲಗ್ಗಿಗೆ ಹಾಕೋ ಚಿಕ್ಕ ಹೀಟರ್ ತರ್ತೀನಿ. ಹತ್ತೇ ನಿಮಿಷ."

"ಇವತ್ತು ಭಾನುವಾರ, ದೇವರ ದಿನ. ಈ ದ್ವೀಪದಲ್ಲಿ ನಿಂಗೆ ಅಂಗಡಿ ಯಾರು ತೆಗೀತಾರೆ, ಪಾದ್ರಿಗಳಾ?"

ಅವಳು ಅವನ ಪಕ್ಕದಲ್ಲೇ ಮಂಡಿಯೂರಿದಳು. ಒದ್ದೆ ಉಣ್ಣೆಯ ವಾಸನೆ. ಇಷ್ಟು ಹತ್ತಿರ ಕೂತು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ ಅವನು ನಿಲ್ಲಿಸಿದ.

"ಎರಡನ್ನೂ ತಿರುಗಿಸಿದ್ದೀಯಲ್ಲೋ! ರಾತ್ರಿಯೆಲ್ಲ ಕರೆಂಟು ಇಟ್ಟಿಗೆ ಕಾಯಿಸ್ತಾ ಇತ್ತು, ನೀನು ಈ ಕಡೆಯಿಂದ ಸುರೀತಾ ಇದ್ದೆ. ಸಂಜೆಗೆ ಎಲ್ಲಿಂದ ಉಳಿಯುತ್ತೆ? ನಮ್ಮಮ್ಮ ದಿನಾ ಸಂಜೆ ರೇಡಿಯೋದಲ್ಲಿ ನಾಳೆ ಗಾಳಿ ಹೇಗೆ ಅಂತ ಕೇಳಿಯೇ ನಮ್ಮನೇಲಿದ್ದ ಇಂಥದ್ದನ್ನ ಮುಟ್ತಿದ್ದಳು."

"ನಂಗೆ ಚಳಿ ಆಯ್ತು, ತಿರುಗಿಸಿದೆ."

"ನೀನು ಯಾವಾಗ್ಲೂ ಅಷ್ಟೇ. ಚಳಿ ಹತ್ತಿದ ಮೇಲೆ ತಿರುಗಿಸೋನು."

ಅವಳು 'ಒಳಕ್ಕೆ' ಗುಂಡಿಯನ್ನು ಹಾಗೇ ಬಿಟ್ಟು, 'ಹೊರಕ್ಕೆ' ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು.

"ಈಗ ಬೆಚ್ಚಗಾಗುತ್ತಾ?"

"ಈಗ ಏನೂ ಆಗಲ್ಲ. ಇದಕ್ಕೆ ಕರೆಂಟು ಬರೋದೇ ರಾತ್ರಿ. ಇದು ನಾಳೆಗೆ."

ಅವಳು ಎದ್ದು ಮಗಳ ಚೀಲ ಹೆಗಲಿಗೇರಿಸಿದಳು. ಐನಾಳ ಮುಖ ಸಣ್ಣದಾಯಿತು. ಸೋರ್ಲಿ ಗೋಡೆ ನೋಡಿದ.

"ಹೇಗೂ ಸ್ಕೂಲಿಗೆ ರಜೆ ಇದೆ. ನಾಳೆ ಇದೇ ಹೊತ್ತಿಗೆ ಕರ್ಕೊಂಡು ಬರ್ತೀನಿ," ಎಂದಳು ಮೋರಾಗ್ ಬಾಗಿಲಲ್ಲಿ. "ಮೂರು ಗಂಟೆಗೆ 'ಹೊರಕ್ಕೆ' ತಿರುಗಿಸು. ಅಲ್ಲೀವರೆಗೆ ಮುಟ್ಟಿದ್ರೆ ನೋಡು. ಚಳಿಯಾದ್ರೆ ಕೋಟಲ್ಲೇ ಮಲಕ್ಕೋ."

ಐನಾ ಓಡಿಬಂದು ಬಟ್ಟೆಯಲ್ಲಿ ಮಾಡಿದ ತನ್ನ ಕಡಲನಾಯಿ ಮರಿಯನ್ನು ಕಿಟಕಿಯ ಅಂಚಿನಲ್ಲಿ, ಗುಂಡಿಗಳ ಕಡೆ ಮುಖ ಮಾಡಿ ಕೂರಿಸಿದಳು. "ಅಪ್ಪ ಮುಟ್ಟಿದ್ರೆ ಕಚ್ಚು," ಎಂದು ಅದರ ಕಿವಿಯಲ್ಲಿ ಹೇಳಿ ಹೋದಳು.

ಕಾರಿನ ಸದ್ದು ಗಾಳಿಯಲ್ಲಿ ಕರಗಿತು. ಕತ್ತಲಾಗುತ್ತಿದ್ದಂತೆ ಸೋರ್ಲಿಯ ಬೆರಳುಗಳು ಮರಗಟ್ಟಿದವು. ಅವನ ಕೈ ತಾನಾಗಿಯೇ ಗುಂಡಿಯ ತನಕ ಹೋಯಿತು. ಮರಿ ತನಗೆ ಉಳಿದಿದ್ದ ಒಂದೇ ಕಣ್ಣಿನಿಂದ ನೋಡುತ್ತಿತ್ತು. ಅವನು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.